ಫೋನಿನಲ್ಲಿ ಹೇಳಿದ ತೇರ್ಸ್

ದೆವ್ವ, ಪ್ರೇತ, ಆತ್ಮ ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನನ್ನ ಕೆಲಸವೇ ಅಂಥದ್ದು. ಮಂಗಳೂರಿನಲ್ಲಿ ಎಸಿ ರಿಪೇರಿ ಮಾಡುವವನು ನಾನು. ರಾತ್ರಿ ಎಸಿಯ ಒಳಗಿಂದ ಯಾರೋ ನರಳುತ್ತಾರೆ ಎಂದು ಹೆದರಿ ಒಬ್ಬರು ಪಾದ್ರಿಗಳನ್ನು ಕರೆಸಿ ಕೋಣೆಗೆಲ್ಲ ತೀರ್ಥ ಹಾಕಿಸಿದ್ದರು. ನಾನು ಹೋಗಿ ಮುಚ್ಚಳ ಬಿಚ್ಚಿದಾಗ ಬೇರಿಂಗ್ ಸವೆದಿತ್ತು, ಅಷ್ಟೆ. ಇನ್ನೊಂದು ಮನೆಯಲ್ಲಿ ಮಧ್ಯಾಹ್ನ ಗೋಡೆಯೊಳಗೆ ಯಾರೋ ಉಗುರಿನಿಂದ ಕೆರೆಯುತ್ತಾರೆ ಎಂದು ಸೊಸೆ ತವರಿಗೆ ಹೋಗಿ ಕೂತಿದ್ದಳು. ಔಟ್‌ಡೋರ್ ಬಾಕ್ಸಿನ ಹಿಂದೆ ಪಾರಿವಾಳ ಗೂಡು ಕಟ್ಟಿತ್ತು. ಇಂಥದ್ದನ್ನು ಇಷ್ಟೆಲ್ಲ ನೋಡಿದವನಿಗೆ ಹೆದರಿಕೆ ಎಲ್ಲಿಂದ ಬರಬೇಕು? ಪ್ರತಿಯೊಂದು ಶಬ್ದಕ್ಕೂ ಒಂದು ಸ್ಕ್ರೂ ಇರುತ್ತದೆ, ಅದನ್ನು ಹುಡುಕಿ ಬಿಗಿ ಮಾಡಿದರೆ ಮುಗಿಯಿತು ಎಂದು ನಂಬಿದ್ದವನು ನಾನು.

ಈಗ ಬರೆಯುವುದಕ್ಕೆ ಮಾತ್ರ ನನಗೆ ಸ್ಕ್ರೂ ಸಿಕ್ಕಿಲ್ಲ. ಮೂರು ವರ್ಷ ಹುಡುಕಿದ್ದೇನೆ. ಇದನ್ನು ಬರೆಯುವ ಧೈರ್ಯ ಬಂದದ್ದು ಹೆಂಡತಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಜೋಯ್ಲಿನ್ ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅಂಗಡಿಯಲ್ಲಿ ತಿದ್ದಿ ತಿದ್ದಿ ನಾಲ್ಕು ಮಾತು ಕನ್ನಡ ಆಡುತ್ತಾಳೆ, ಬೋರ್ಡ್ ಓದು ಎಂದರೆ ನನ್ನ ಮುಖ ನೋಡುತ್ತಾಳೆ. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಅವಳ ಮಾತನ್ನೆಲ್ಲ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನಮ್ಮ ಮದುವೆಯಾದದ್ದು ಜನವರಿಯಲ್ಲಿ. ಜೆಪ್ಪುವಿನಲ್ಲಿ ಒಂದು ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದೆವು. ಮೇಲೆ ಮನೆಯ ಯಜಮಾನಿ ಸರೋಜಕ್ಕ ಒಬ್ಬರೇ ಇದ್ದರು. ಅಮ್ಮ ಆ ವರ್ಷ ನನ್ನ ಅಕ್ಕನ ಹೆರಿಗೆಗೆಂದು ಮಸ್ಕತ್‌ಗೆ ಹೋದವರು ಅಲ್ಲೇ ಉಳಿದಿದ್ದರು. ಹೊಸ ಮದುವೆ, ಸಣ್ಣ ಮನೆ, ಹೇಳುವವರು ಕೇಳುವವರು ಯಾರೂ ಇಲ್ಲ. ಸುಖವಾಗಿದ್ದೆವು ಎಂದು ಹೇಳಲು ನನಗೆ ನಾಚಿಕೆ ಇಲ್ಲ. ಜೋಯ್ಲಿನ್‌ಗೆ ಇಲ್ಲಿಯ ಕುಚ್ಚಲಕ್ಕಿ ಅನ್ನ ಸೇರುತ್ತಿರಲಿಲ್ಲ, ನನಗೆ ಅವಳು ಮಾಡುವ ಚಪಾತಿ ಸೇರುತ್ತಿರಲಿಲ್ಲ. ನಮ್ಮಲ್ಲಿ ಇದ್ದ ಜಗಳ ಅದೊಂದೇ.

ಮಾರ್ಚ್ ಬರುವಾಗ ಅವಳು ಬಸುರಿ ಎಂದು ಗೊತ್ತಾಯಿತು. ಈಸ್ಟರ್ ಕಳೆದ ವಾರದಲ್ಲೇ ಒಂದು ಬೆಳಿಗ್ಗೆ ರಕ್ತ ಕಂಡಿತು. ಡಾಕ್ಟರ್ ಸ್ಕ್ಯಾನ್ ಮಾಡಿ, ಮಗು ಸರಿ ಉಂಟು, ಆದರೆ ತಾಯಿ ಮಲಗಿಯೇ ಇರಬೇಕು, ಬಕೆಟ್ ಎತ್ತಬಾರದು, ಮೆಟ್ಟಿಲು ಹತ್ತಬಾರದು ಎಂದರು. ಆ ದಿನ ಮನೆಗೆ ಬಂದು ಜೋಯ್ಲಿನ್ ಮನೆಯ ಅಲ್ತಾರಿನ, ಅಂದರೆ ಪ್ರಾರ್ಥನೆಯ ಪೀಠದ ಮುಂದೆ ನಿಂತು ಒಂದು ಹರಕೆ ಹೇಳಿಕೊಂಡಳು. ಮಗು ಕೈಗೆ ಬರುವವರೆಗೆ ಒಂದು ದಿನವೂ ತಪ್ಪದೆ ಸಂಜೆಯ ತೇರ್ಸ್ ಹೇಳುತ್ತೇನೆ, ಗಂಡನ ಜೊತೆಯಲ್ಲೇ ಹೇಳುತ್ತೇನೆ ಎಂದು. ನನ್ನನ್ನು ಒಂದು ಮಾತೂ ಕೇಳದೆ ನನ್ನನ್ನೂ ಹರಕೆಗೆ ಸೇರಿಸಿಬಿಟ್ಟಳು.

ತೇರ್ಸ್ ಎಂದರೆ ಜಪಸರದ ಪ್ರಾರ್ಥನೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಸೇರಿ ಹೇಳುವುದು. ಒಬ್ಬರು ‘ನಮಾನ್ ಮರಿಯೆ’ ಎಂದು ಮೊದಲ ಅರ್ಧ ಹೇಳುತ್ತಾರೆ. ಉಳಿದವರು ಉತ್ತರದ ಅರ್ಧ ಹೇಳಬೇಕು, ದೇವಮಾತೆಯೇ, ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ಬೇಡಿಕೋ ಎಂದು. ಹೀಗೆ ಹತ್ತು ಸಲ ಆದ ಮೇಲೆ ನಿಲ್ಲಿಸಿ ತ್ರಿತ್ವಕ್ಕೆ ಮಹಿಮೆ ಹೇಳಿ ಮುಂದಿನ ಹತ್ತಕ್ಕೆ ಹೋಗುವುದು. ಅಂಥವು ಐದು. ಎಲ್ಲ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್ ದಿ’ ಎಂದು ಆಶೀರ್ವಾದ ಕೇಳಬೇಕು. ಕೇಳಿದವರಿಗೆ ಕೊಡದೆ ಇರುವ ಹಾಗಿಲ್ಲ. ಜಗಳವಾಡಿ ಮುಖ ತಿರುಗಿಸಿಕೊಂಡಿದ್ದರೂ ಬೆಸಾಂವ್ ಕೇಳಿದ ಕೂಡಲೇ ಕೈ ತನ್ನಷ್ಟಕ್ಕೆ ಮೇಲೆ ಹೋಗುತ್ತದೆ, ಅಷ್ಟು ಅಭ್ಯಾಸ ನಮಗೆ.

ಆದರೆ ಬೇಸಗೆಯಲ್ಲಿ ಎಸಿ ಮೆಕ್ಯಾನಿಕ್ ಸಂಜೆ ಏಳಕ್ಕೆ ಮನೆಯಲ್ಲಿ ಇರುವುದು ಎಂದರೆ ಆಗುವ ಮಾತೇ? ಏಪ್ರಿಲ್, ಮೇ ಎಂದರೆ ನಮಗೆ ಊಟಕ್ಕೂ ಸಮಯವಿಲ್ಲ. ಮಣ್ಣಗುಡ್ಡದಲ್ಲಿ ಒಂದು ಮುಗಿಯುವಾಗ ಕದ್ರಿಯಿಂದ ಮೂರು ಫೋನು. ನಾನೂ ನನ್ನ ಪಾರ್ಟ್ನರ್ ಅಶ್ರಫನೂ ಸೇರಿ ಕೆಲಸ ಮಾಡುವುದು. ಐಟಿಐಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆ ಬೇಸಗೆ ಬಿಸಿಲು ಎಷ್ಟು ಕಾದಿತ್ತೆಂದರೆ ಟೆರೇಸಿನಲ್ಲಿಟ್ಟ ಸ್ಪ್ಯಾನರನ್ನು ಬಟ್ಟೆ ಸುತ್ತಿ ಹಿಡಿಯಬೇಕಿತ್ತು.

ಅದಕ್ಕೆ ನಾವು ಗಂಡಹೆಂಡತಿ ಒಂದು ಉಪಾಯ ಮಾಡಿಕೊಂಡೆವು. ಏಳು ಗಂಟೆಗೆ ನಾನು ಎಲ್ಲಿದ್ದರೂ ಫೋನ್ ಮಾಡುವುದು. ಅವಳು ಅಲ್ತಾರಿನ ಎದುರು ಕುರ್ಚಿಯಲ್ಲಿ ಕೂತು, ಫೋನನ್ನು ಸ್ಪೀಕರಿನಲ್ಲಿ ಇಟ್ಟು ಮೊದಲ ಅರ್ಧ ಹೇಳುವುದು. ನಾನು ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಯಾರದೋ ಟೆರೇಸಿನಲ್ಲಿ ಗ್ಯಾಸ್ ತುಂಬಿಸುತ್ತಾ ಉತ್ತರದ ಅರ್ಧ ಹೇಳುವುದು. ಕೊನೆಗೆ ಅವಳು ಬೇಕೆಂದೇ ರಾಗ ಎಳೆದು ಬೆಸಾಂವ್ ಕೇಳುವುದು, ನಾನು ದೊಡ್ಡ ಅಜ್ಜನ ಹಾಗೆ ಗಂಟಲು ಸರಿಮಾಡಿ ಕೊಡುವುದು. ಮಸ್ಕತ್‌ನಿಂದ ಅಮ್ಮ ಇದನ್ನು ಕೇಳಿ, ತೇರ್ಸ್ ಎಂದರೆ ನಿಮಗೆ ಎಂತ ಆಫೀಸ್ ಮೀಟಿಂಗಾ ಎಂದು ಬೈದರು. ಮೊಣಕಾಲೂರಿ ಹೇಳಬೇಕಾದದ್ದನ್ನು ಹೀಗೆ ಗಾಳಿಯಲ್ಲಿ ಬಿಟ್ಟರೆ ಯಾರ್ಯಾರೋ ಕೇಳಿಸಿಕೊಳ್ಳುತ್ತಾರೆ ಎಂದರು. ಅಮ್ಮನದ್ದು ಯಾವಾಗಲೂ ಇದ್ದದ್ದೇ ಎಂದು ನಾವು ನಕ್ಕೆವು.

ಸುಮಾರು ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ, ಮಣ್ಣಗುಡ್ಡದ ಒಂದು ಮನೆಯ ಟೆರೇಸಿನಲ್ಲಿದ್ದೆ. ನಾನು ಉತ್ತರ ಹೇಳಿ ‘ಆಮೆನ್’ ಎಂದ ಮೇಲೆ ಫೋನಿನಲ್ಲಿ ಇನ್ನೊಂದು ‘ಆಮೆನ್’ ಕೇಳಿಸಿತು. ತೀರ ಮೆಲ್ಲಗೆ. ಅವಳ ಸ್ಪೀಕರಿನಿಂದ ನನ್ನ ಸ್ವರವೇ ತಿರುಗಿ ಬರುವುದು ಎಂದುಕೊಂಡೆ. ಅಂಥದ್ದು ಆಗುತ್ತದೆ. ಅವಳಿಗೆ ಸೌಂಡ್ ಕಡಿಮೆ ಮಾಡು ಎಂದೆ, ಮಾಡಿದಳು. ಮರುದಿನವೂ ಬಂತು. ಇಯರ್‌ಫೋನ್ ಹಾಕಿಸಿದೆ, ಆಗಲೂ ಬಂತು. ನನ್ನ ಸ್ವರ ತಿರುಗಿ ಬರುವುದಾದರೆ ಪೂರ್ತಿ ಉತ್ತರ ಬರಬೇಕಲ್ಲ, ಆಮೆನ್ ಒಂದೇ ಯಾಕೆ ಎಂದು ತಲೆಯಲ್ಲಿ ಕೊರೆಯಿತು. ಕೆಲಸದ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟೆ.

ಎರಡು ಮೂರು ದಿನ ಕಳೆದು ಮನೆಗೆ ಬಂದಾಗ ಜೋಯ್ಲಿನ್ ಮುಖ ಊದಿಸಿಕೊಂಡು ಕೂತಿದ್ದಳು. ಅಶ್ರಫ್ ಪ್ರಾರ್ಥನೆಯನ್ನು ತಮಾಷೆ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಅವನಿಗೆ ಹೇಳು ಎಂದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿದರೆ, ನಾನು ಉತ್ತರ ಹೇಳುವಾಗ ನನ್ನ ಹಿಂದೆಯೇ ಯಾರೋ ಕೊನೆಯ ಮಾತುಗಳನ್ನು ಹೇಳುತ್ತಾರಂತೆ. ಆ ದಿನ ಅಶ್ರಫ್ ನನ್ನ ಜೊತೆ ಇರಲೇ ಇಲ್ಲ, ಅವನು ಉಳ್ಳಾಲದಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದ. ಹಾಗೆಂದು ಅವಳಿಗೆ ಹೇಳಿದೆ. ಆಮೇಲೆ ನಾನೂ ಬಾಯಿ ಬಿಟ್ಟೆ, ನನಗೂ ಕೇಳುತ್ತದೆ, ನಾನು ಅದನ್ನು ನಿನ್ನ ಕಡೆಯದ್ದು ಎಂದುಕೊಂಡಿದ್ದೆ ಎಂದು. ಅಷ್ಟು ದಿನ ಇಬ್ಬರೂ ಅದು ಇನ್ನೊಬ್ಬರ ಮಗ್ಗುಲಲ್ಲಿ ಇರುವವರ ಸ್ವರ ಎಂದು ತಿಳಿದಿದ್ದೆವು.

ಮರುದಿನ ಅರ್ಧ ಕೆಲಸ ಬಿಟ್ಟು ಏಳಕ್ಕೆ ಸರಿಯಾಗಿ ಮನೆಗೆ ಬಂದು ಅವಳ ಪಕ್ಕದಲ್ಲೇ ಕೂತು ತೇರ್ಸ್ ಹೇಳಿದೆ. ಏನೂ ಇಲ್ಲ. ಅದರ ಮರುದಿನ ಫೋನಿನಲ್ಲಿ ಹೇಳಿದಾಗ ಮತ್ತೆ ಬಂತು. ಅಲ್ಲಿಗೆ ನನಗೆ ಸಮಾಧಾನವಾಯಿತು ನೋಡಿ. ಫೋನಿನಲ್ಲಿ ಮಾತ್ರ ಬರುವುದಾದರೆ ಅದು ಫೋನಿನದ್ದೇ ದೋಷ. ನೆಟ್‌ವರ್ಕಿನಲ್ಲಿ ಯಾವುದೋ ಲೈನು ಇನ್ನೊಂದಕ್ಕೆ ಸೇರಿರಬೇಕು, ಇನ್ಯಾವುದೋ ಮನೆಯ ತೇರ್ಸ್ ನಮಗೆ ಕೇಳುತ್ತಿರಬೇಕು. ಈ ಊರಿನಲ್ಲಿ ಆ ಹೊತ್ತಿಗೆ ತೇರ್ಸ್ ಹೇಳುವ ಮನೆಗಳಿಗೇನು ಬರಗಾಲವೇ? ಜೋಯ್ಲಿನ್‌ಗೂ ಹಾಗೇ ಹೇಳಿದೆ. ದೆವ್ವವೇ ಆದರೂ ತೇರ್ಸ್ ಹೇಳುವ ದೆವ್ವ, ನನಗಿಂತ ಒಳ್ಳೆಯ ಕ್ರಿಶ್ಚನ್ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ನನಗೂ ನಗು ಹೋದದ್ದು ಆಮೇಲೆ. ಆ ಸ್ವರ ಕಲಿಯುತ್ತಿತ್ತು. ಇದನ್ನು ಬೇರೆ ಹೇಗೆ ಹೇಳುವುದೆಂದು ನನಗೆ ತಿಳಿಯದು. ಮೊದಲು ಆಮೆನ್ ಮಾತ್ರ ಇತ್ತು. ಕೆಲವು ದಿನ ಬಿಟ್ಟು ‘ಮರಣದ ಗಳಿಗೆ’ ಎಂಬ ಮಾತೂ ಸೇರಿತು, ಅದೂ ತಡವರಿಸಿಕೊಂಡು. ಒಂದು ಮಾತು ತಪ್ಪಿದರೆ ನಿಂತುಬಿಡುವುದು, ಮುಂದಿನ ಸಲ ಅದನ್ನು ಸರಿಯಾಗಿ ಹೇಳುವುದು. ಮನೆಯಲ್ಲಿ ಸಣ್ಣ ಮಕ್ಕಳು ದೊಡ್ಡವರ ಬಾಯಿ ನೋಡಿ ಪ್ರಾರ್ಥನೆ ಕಲಿಯುವುದು ಹೀಗೆಯೇ. ಸ್ವರ ಮಾತ್ರ ಮಗುವಿನದ್ದು ಎಂದು ಹೇಳಲಾರೆ. ಗಂಡಿನದ್ದೋ ಹೆಣ್ಣಿನದ್ದೋ ಎಂದೂ ಹೇಳಲಾರೆ. ಗಂಟಲಿನಲ್ಲಿ ದನಿ ಇಲ್ಲದೆ ಬರೀ ಉಸಿರಿನಲ್ಲಿ ಹೇಳಿದ ಹಾಗಿತ್ತು. ಮೇ ತಿಂಗಳ ನಡುವಿಗೆ ಉತ್ತರದ ಅರ್ಧ ಪೂರ್ತಿ ಅದಕ್ಕೆ ಬಾಯಿಪಾಠ ಬರುತ್ತಿತ್ತು.

ಫೋನಿನ ತೇರ್ಸ್ ಬಿಟ್ಟುಬಿಡೋಣ, ನಾನು ಬಂದ ಮೇಲೆ ಹತ್ತು ಗಂಟೆಗೆ ಹೇಳೋಣ ಎಂದು ನಾನೇ ಒಂದು ದಿನ ಹೇಳಿದೆ. ಜೋಯ್ಲಿನ್ ಒಪ್ಪಲಿಲ್ಲ. ಸಂಜೆಯ ತೇರ್ಸ್ ಎಂದು ಹರಕೆ ಹೇಳಿದ್ದೇನೆ, ಹೊತ್ತು ತಪ್ಪಿಸಿದರೆ ಮಗುವಿಗೆ ಏನಾದರೂ ಆದರೆ ಯಾರು ಹೊಣೆ ಎಂದಳು. ಹೆದರಿಕೆ ಅವಳಿಗೇ ನನಗಿಂತ ಹೆಚ್ಚು ಇತ್ತು. ಮಧ್ಯಾಹ್ನ ಒಬ್ಬಳೇ ಮಲಗಲು ಆಗದೆ ಮುಂದಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ ಹಾಲಿನಲ್ಲೇ ಕೂರುತ್ತಿದ್ದಳು. ಆದರೂ ಏಳು ಗಂಟೆಗೆ ಫೋನ್ ಬಾರದಿದ್ದರೆ ಅವಳೇ ಮಾಡುತ್ತಿದ್ದಳು. ಮಗುವಿಗಾಗಿ ಅವಳು ಏನನ್ನೂ ಸಹಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ನಮಗೆ ಕೂಳೂರು ಸೇತುವೆಯ ಆಚೆ ಒಂದು ಫ್ಲಾಟಿನಲ್ಲಿ ಕೆಲಸವಿತ್ತು. ಅಶ್ರಫನ ಬೈಕಿನಲ್ಲಿ ಹೋಗಿದ್ದೆವು. ಅಶ್ರಫ್ ಫ್ಲಾಟಿನ ಒಳಗೆ, ನಾನು ಐದನೇ ಮಾಳಿಗೆಯ ಮೇಲೆ ಟೆರೇಸಿನಲ್ಲಿ. ಆಕಾಶ ಇನ್ನೂ ಕೆಂಪಗಿತ್ತು. ಫೋನ್ ಮಾಡಿದೆ, ಜೋಯ್ಲಿನ್ ಶುರು ಮಾಡಿದಳು. ಸೊಂಟ ಸ್ವಲ್ಪ ನೋಯುತ್ತದೆ, ಬೇಗ ಬಾ ಎಂದು ಮೊದಲೇ ಹೇಳಿದ್ದಳು. ಅವಳು ಪ್ರಾರ್ಥನೆ ಹೇಳುವುದು ಮುಂಬೈಯ ಲೋಕಲ್ ಟ್ರೇನಿನ ಹಾಗೆ, ನಿಲ್ದಾಣ ಬಂದರೂ ನಿಲ್ಲುವುದು ಕಷ್ಟ. ನಾನು ಕೈಯಲ್ಲಿ ಕೆಲಸ, ಬಾಯಲ್ಲಿ ಉತ್ತರ. ಮೊದಲ ಹತ್ತು ಆಯಿತು. ಎರಡನೆಯದು ನಡೆಯುತ್ತಿತ್ತು. ನಡುವೆ ಒಮ್ಮೆ ಅವಳ ಸ್ವರ ನಿಂತು, ಸ್ವಲ್ಪ ಬಿಟ್ಟು ಮತ್ತೆ ‘ನಮಾನ್ ಮರಿಯೆ’ ಬಂತು. ಈ ಸಲ ನಿಧಾನವಾಗಿತ್ತು. ಪಾಪ, ಸುಸ್ತಾಗಿರಬೇಕು ಎಂದುಕೊಂಡೆ.

ಹೀಗೆ ಎಷ್ಟು ಹೊತ್ತು ಉತ್ತರ ಹೇಳಿದೆನೋ ಗೊತ್ತಿಲ್ಲ. ನಮ್ಮವರಿಗೆ ಬೆರಳು ತನ್ನಷ್ಟಕ್ಕೆ ಲೆಕ್ಕ ಇಡುತ್ತದೆ. ಹತ್ತು ಮುಗಿದು ಎಷ್ಟೋ ಮುಂದೆ ಹೋದ ಹಾಗಾಯಿತು ಎಂದು ಬೆರಳಿಗೆ ಗೊತ್ತಾಯಿತು. ನಡುವೆ ಮಹಿಮೆ ಹೇಳಲಿಲ್ಲ, ನಿಲ್ಲಿಸಲಿಲ್ಲ, ಮತ್ತೆ ಮತ್ತೆ ನಮಾನ್ ಮರಿಯೆಯೇ. ಜೋಯ್, ಹತ್ತು ಆಯ್ತು ಎಂದೆ. ಆ ಕಡೆ ಸುಮ್ಮನಾಯಿತು. ಆಮೇಲೆ ಮತ್ತೆ ಮೊದಲಿನಿಂದ, ಮೆಲ್ಲಗೆ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದ ಹಾಗೆ, ನಮಾನ್ ಮರಿಯೆ. ಆಗ ನನಗೆ ಸ್ವರದ ಗುರುತು ಸಿಕ್ಕಿತು. ಅದು ಜೋಯ್ಲಿನ್ ಅಲ್ಲ. ಇಷ್ಟು ದಿನ ಹಿಂದಿನಿಂದ ಆಮೆನ್ ಹೇಳುತ್ತಿದ್ದದ್ದು ಈಗ ಎದುರು ಬಂದು ತಾನೇ ತೇರ್ಸ್ ನಡೆಸುತ್ತಿತ್ತು, ನಾನು ಅದಕ್ಕೆ ಉತ್ತರ ಕೊಡುತ್ತಿದ್ದೆ.

ಸುಡುವ ಸಿಮೆಂಟಿನ ಮೇಲೆ ಕೂತವನಿಗೆ ಚಳಿ ಹಿಡಿಯಿತು. ಹೆಂಡತಿಯ ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ನಾನು ಸುಮ್ಮನಿದ್ದರೆ ಅದೂ ಸುಮ್ಮನೆ ಕಾಯುತ್ತಿತ್ತು, ಕಾದು ಮತ್ತೆ ಅದನ್ನೇ ಹೇಳುತ್ತಿತ್ತು. ಫೋನ್ ಕಟ್ ಮಾಡಿ ತಿರುಗಿ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಯಾರೇ ಆದರೂ ಕೇಳುತ್ತಾರೆ. ನನ್ನಿಂದ ಆಗಲಿಲ್ಲ. ನಾನು ಉತ್ತರ ಹೇಳುವುದನ್ನು ನಿಲ್ಲಿಸಿದರೆ ಅದು ನಿಲ್ಲುತ್ತದೆ, ಅದು ನಿಂತರೆ ಅಲ್ಲಿ ಜೋಯ್ಲಿನ್ ಇರುವುದಿಲ್ಲ ಎಂದು ನನಗೆ ಹೇಗೋ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಯಾಕೆ ಹಾಗೆ ಅನ್ನಿಸಿತು ಎಂದು ಈಗಲೂ ಗೊತ್ತಿಲ್ಲ.

ಸ್ಪ್ಯಾನರ್, ಗೇಜು ಎಲ್ಲ ಅಲ್ಲೇ ಬಿಟ್ಟು ಉತ್ತರ ಹೇಳುತ್ತಲೇ ಮೆಟ್ಟಿಲು ಇಳಿದೆ. ಅಶ್ರಫ್ ನನ್ನ ಮುಖ ನೋಡಿ, “ಎಂತ ಆಯ್ತು ಮಾರಾಯ?” ಎಂದ. ಮಾತಾಡಲು ಪುರುಸೊತ್ತಿಲ್ಲ, ಕಿವಿ ತೋರಿಸಿ, ಮನೆ ಎಂದಷ್ಟೇ ಹೇಳಿದೆ. ಅವನು ಇನ್ನೊಂದು ಮಾತು ಕೇಳದೆ ಬೈಕ್ ತೆಗೆದ. ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿ ನಿಂತಷ್ಟು ಹೊತ್ತು ಅಶ್ರಫ್ ಸರೋಜಕ್ಕನಿಗೆ ಫೋನ್ ಮಾಡಿದ. ಅವರು ಯಾವುದೋ ಮದುವೆಯ ಹಾಲಿನಲ್ಲಿದ್ದರು, ತೆಗೆಯಲಿಲ್ಲ. ಜೋಯ್ಲಿನ್‌ಗೂ ಮಾಡಿದ, ಹೋಗಲಿಲ್ಲ. ನಿನ್ನ ಜೊತೆ ಮಾತಾಡುತ್ತಿರಬೇಕಾದರೆ ಎಂಗೇಜ್ ಬರಬೇಕು, ಸ್ವಿಚ್ ಆಫ್ ಅಂತ ಬರ್ತದಲ್ಲ ಎಂದು ತಿರುಗಿ ಹೇಳಿದ. ಆದರೆ ನನ್ನ ಕಿವಿಯಲ್ಲಿ ಪ್ರಾರ್ಥನೆ ನಡೆಯುತ್ತಲೇ ಇತ್ತು.

ಅಶ್ರಫ್ ಲಾರಿಗಳ ಬದಿಯ ಇಷ್ಟೇ ಇಷ್ಟು ಜಾಗದಲ್ಲಿ ಬೈಕ್ ನುಗ್ಗಿಸಿದ. ಡ್ರೈವರುಗಳು ಬೈದರು. ಪೇಟೆಯ ನಡುವೆ, ಸಿಗ್ನಲಿನಲ್ಲಿ, ಬಸ್ಸಿನ ಹಿಂದೆ, ಎಲ್ಲ ಕಡೆಯೂ ನಾನು ಅವನ ಹೆಗಲು ಹಿಡಿದುಕೊಂಡು ಗಟ್ಟಿಯಾಗಿ ಉತ್ತರ ಹೇಳುತ್ತಲೇ ಇದ್ದೆ, ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ಎಂದು. ಸ್ಕೂಟರಿನಲ್ಲಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ದಾರಿಯುದ್ದಕ್ಕೂ ನಾನು ಬೇಡಿದ್ದು ಮಗುವಿಗಾಗಿ ಅಲ್ಲ. ಅವಳನ್ನು ಬಿಡು, ಅವಳೊಬ್ಬಳನ್ನು ನನಗೆ ಬಿಡು ಎಂದೇ ಬೇಡಿದೆ.

ಮೋರ್ಗನ್ಸ್‌ಗೇಟಿನ ತಿರುವು ದಾಟುವಾಗ ಪ್ರಾರ್ಥನೆ ನಿಂತಿತು. ನಾನು ಆಮೆನ್ ಹೇಳಿ ಕಾದೆ. ಮತ್ತೆ ನಮಾನ್ ಮರಿಯೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಉಸಿರಿನ ಸ್ವರ, ಈ ಸಲ ತಡವರಿಸದೆ, ಕಿವಿಯ ತೀರ ಹತ್ತಿರ ಹೇಳಿತು.

“ಬೆಸಾಂವ್ ದಿ.”

ನನ್ನ ಕೈ ಅಶ್ರಫನ ಹೆಗಲು ಬಿಟ್ಟು ಮೇಲೆ ಹೋಯಿತು. ದೇವರು ಒಳ್ಳೆಯದು ಮಾಡಲಿ ಎಂದು ಬಾಯಿ ಹೇಳಿತು. ನಾನು ಯೋಚಿಸಿ ಕೊಟ್ಟದ್ದಲ್ಲ, ಕೇಳಿದರೆ ಕೊಡುವುದು ರಕ್ತದಲ್ಲಿದೆ. ಆಮೇಲೆ ಕಿವಿಯಲ್ಲಿ ಏನೂ ಇಲ್ಲ. ಬೈಕಿನ ಶಬ್ದ ಮಾತ್ರ.

ಮುಂದಿನ ಬಾಗಿಲಿಗೆ ಒಳಗಿಂದ ಚಿಲಕ. ಕೂಗಿದರೂ ತಟ್ಟಿದರೂ ಇಲ್ಲ. ಹಿಂದೆ ಓಡಿ ಅಡುಗೆಮನೆಯ ಬಾಗಿಲನ್ನು ಇಬ್ಬರೂ ಸೇರಿ ಒದ್ದು ಮುರಿದೆವು. ಜೋಯ್ಲಿನ್ ಹಾಲಿಗೂ ಅಡುಗೆಮನೆಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಎಷ್ಟು ರಕ್ತ ಹೋಗಿತ್ತು ಎಂದು ನಾನು ಹೇಳುವುದಿಲ್ಲ. ಅಶ್ರಫ್ ರಸ್ತೆಗೆ ಓಡಿ ರಿಕ್ಷಾ ನಿಲ್ಲಿಸಿದ. ಅವಳನ್ನು ಎತ್ತಿಕೊಂಡು ಹೋದವನೂ ಅವನೇ.

ಮಗು ಉಳಿಯಲಿಲ್ಲ. ಜೋಯ್ಲಿನ್ ಉಳಿದಳು. ಬಿದ್ದದ್ದರಿಂದ ಆದದ್ದಲ್ಲ, ಆಗುವುದು ಮೊದಲೇ ಶುರುವಾಗಿತ್ತು, ಯಾರ ತಪ್ಪೂ ಇಲ್ಲ ಎಂದು ಡಾಕ್ಟರ್ ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಹೋಗುತ್ತಿದ್ದರು, ನೀವು ಹೇಗೆ ಸರಿಯಾದ ಹೊತ್ತಿಗೆ ಬಂದಿರಿ ಎಂದು ಕೇಳಿದರು. ಫೋನಿನಲ್ಲಿದ್ದೆವು ಎಂದೆ.

ಮನೆಗೆ ಬಂದು ನೋಡಿದಾಗ ಅವಳ ಫೋನ್ ಕುರ್ಚಿಯ ಕೆಳಗೆ ಬಿದ್ದಿತ್ತು, ಚಾರ್ಜ್ ಪೂರ್ತಿ ಹೋಗಿ ಆಫ್ ಆಗಿತ್ತು. ಎರಡನೆಯ ಹತ್ತು ಹೇಳುವಾಗಲೇ ಆಫ್ ಆಯಿತಂತೆ. ಚಾರ್ಜರ್ ತರಲು ಎದ್ದವಳಿಗೆ ಕಣ್ಣು ಕತ್ತಲೆ ಬಂದದ್ದು. ನನ್ನ ಫೋನ್ ನೋಡಿದರೆ ಕರೆ ಆಗಲೇ ಕಟ್ ಆದದ್ದು ತೋರಿಸುತ್ತಿತ್ತು, ಅಂದರೆ ನಾನಿನ್ನೂ ಟೆರೇಸಿನಲ್ಲಿ ಇರುವಾಗ. ಮತ್ತೆ ಸೇತುವೆ ದಾಟಿ ಇಡೀ ಪೇಟೆ ಹಾದು ಬರುವವರೆಗೆ ನಾನು ಯಾರ ಜೊತೆ ತೇರ್ಸ್ ಹೇಳಿದೆ? ಹೆದರಿಕೆಯಲ್ಲಿ ಎರಡೂ ಕಡೆಯದ್ದನ್ನು ನಾನೇ ಹೇಳಿಕೊಂಡಿರಬೇಕು ಎಂದು ಅಶ್ರಫನ ಹತ್ತಿರ ಹೇಳಿದೆ. ಅವನು, “ಇಲ್ಲ ಮಾರಾಯ. ನೀನು ಅರ್ಧ ಹೇಳ್ತಿದ್ದಿ, ಮತ್ತೆ ನಿಲ್ಲಿಸ್ತಿದ್ದಿ. ಯಾರೋ ಹೇಳಿ ಮುಗಿಸ್ಲಿಕ್ಕೆ ಕಾದ ಹಾಗೆ” ಎಂದ. ಆಮೇಲೆ ಆ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನಗೆ ನಿದ್ದೆ ಕೆಡಿಸಿದ್ದು ಫೋನಿನ ಲೆಕ್ಕಾಚಾರವಲ್ಲ. ಬೆಸಾಂವ್ ಕೇಳುವವರು ಕಿರಿಯರು. ಸಂಜೆ ಕೇಳುತ್ತಾರೆ, ಮತ್ತೆ ಮನೆ ಬಿಟ್ಟು ಹೋಗುವಾಗ ಕೇಳುತ್ತಾರೆ. ಮದುವೆಯಾಗಿ ಹೋಗುವ ಮಗಳು ಕೇಳುತ್ತಾಳೆ, ಗಲ್ಫಿಗೆ ಹೋಗುವ ಮಗ ಬ್ಯಾಗು ಕೆಳಗಿಟ್ಟು ಕೇಳುತ್ತಾನೆ. ಕೊಟ್ಟರೆ ಹೋಗಿ ಬಾ ಎಂದ ಹಾಗೆ. ನನ್ನ ಹತ್ತಿರ ಅಪ್ಪ ಎಂದು ಬೆಸಾಂವ್ ಕೇಳಬಹುದಾದ ಜೀವ ಆ ಸಂಜೆ ಜಗತ್ತಿನಲ್ಲಿ ಒಂದೇ ಇತ್ತು. ನಾನು ಬೇಡಿದ್ದು ತಾಯಿಯನ್ನು ಬಿಡು ಎಂದು. ಕೇಳಿದ ಕೂಡಲೇ ಕೈ ಎತ್ತಿ ಕೊಟ್ಟೂ ಬಿಟ್ಟೆ. ಕೊಡದೆ ಇದ್ದಿದ್ದರೆ ಎಂದು ಎಷ್ಟೋ ಸಲ ಅತ್ತಿದ್ದೇನೆ. ಇದೆಲ್ಲ ಹುಚ್ಚು, ಕಿವಿಯ ಭ್ರಮೆ ಎಂದು ನನ್ನನ್ನು ನಾನೇ ಬೈದುಕೊಂಡದ್ದೂ ಉಂಟು. ಅಂದಿನಿಂದ ಬೆಸಾಂವ್ ಕೇಳಿದವರಿಗೆ ಸುಮ್ಮನೆ ತಲೆ ಮುಟ್ಟುತ್ತೇನೆ, ಬಾಯಲ್ಲಿ ಮಾತು ಬರುವುದಿಲ್ಲ. ಇದು ಯಾವುದನ್ನೂ ಜೋಯ್ಲಿನ್‌ಗೆ ಹೇಳಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಅವಳು ಮತ್ತೆ ಬಸುರಿ. ಐದು ತಿಂಗಳು. ಈ ಬೇಸಗೆ ನಾನು ಸಂಜೆಯ ಕೆಲಸ ಪೂರ್ತಿ ಬಿಟ್ಟಿದ್ದೇನೆ, ಅಶ್ರಫ್ ಒಬ್ಬನೇ ನೋಡಿಕೊಳ್ಳುತ್ತಾನೆ. ಏಳಕ್ಕೆ ನಾವಿಬ್ಬರೂ ಪಕ್ಕ ಪಕ್ಕ ಕೂತು ತೇರ್ಸ್ ಹೇಳುತ್ತೇವೆ, ಫೋನುಗಳನ್ನು ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಎಳೆದುಕೊಂಡು. ಪ್ರತಿ ಸಲ ಆಮೆನ್ ಹೇಳಿದ ಮೇಲೆ ನಾನು ಉಸಿರು ಹಿಡಿದು ಕೇಳುತ್ತೇನೆ. ಅದು ಅವಳ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ.

ಹೋದ ವಾರ ತೇರ್ಸ್ ಮುಗಿದ ಮೇಲೆ ಅವಳೇ ಆ ದಿನದ ಮಾತೆತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ. ನೆಲದ ಮೇಲೆ ಬಿದ್ದಿದ್ದಾಗ ಕಣ್ಣು ತೆರೆಯಲು ಆಗುತ್ತಿರಲಿಲ್ಲ, ಆದರೆ ಹೆದರಿಕೆ ಆಗಲಿಲ್ಲ, ಯಾಕೆಂದರೆ ನೀನು ಇದ್ದಿ ಎಂದಳು. ಅವಳು ಬಿದ್ದ ಕೂಡಲೇ ನಾನು ಬಂದೆನಂತೆ. ಅವಳ ತಲೆಯ ಹತ್ತಿರ ಕೂತು ಕೊನೆಯವರೆಗೂ ತೇರ್ಸಿನ ಉತ್ತರ ಹೇಳುತ್ತಲೇ ಇದ್ದೆನಂತೆ. ನನ್ನ ಸ್ವರ ಅವಳ ಕಿವಿಯ ಹತ್ತಿರವೇ ಇತ್ತಂತೆ. ಆ ಹೊತ್ತಿಗೆ ನಾನು ಕೂಳೂರು ಸೇತುವೆಯ ಮೇಲೆ ಲಾರಿಗಳ ನಡುವೆ ಇದ್ದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖದಲ್ಲಿದ್ದ ನೆಮ್ಮದಿ ನೋಡಿ ಮುಚ್ಚಿದೆ.

ಆಮೇಲೆ ಅವಳು ನನ್ನ ಕಡೆ ತಿರುಗಿ, “ಕೊನೆಗೆ ನೀನು ಬೆಸಾಂವ್ ಕೊಟ್ಟದ್ದು ಕೇಳಿಸಿತು. ಯಾರಿಗೆ ಕೊಟ್ಟದ್ದು?” ಎಂದು ಕೇಳಿದಳು.

ನಿನಗೇ ಎಂದೆ.

“ನಾನು ಬೆಸಾಂವ್ ಕೇಳಿರಲಿಲ್ಲವಲ್ಲ” ಎಂದಳು.